ರೈಲು ನಿಂತಲ್ಲಿ ಹುಟ್ಟಿದ ಊರು ಕ್ಯಾಸಲ್‌ರಾಕ್

ಮಳೆಗಾಲದಲ್ಲಿ ಪತ್ರಿಕೆ ಓದುವವರಿಗೆ ಕ್ಯಾಸಲ್‌ರಾಕ್ ಎಂಬ ಹೆಸರು ಹೊಸದೇನಲ್ಲ. ಹವಾಮಾನ ವರದಿಯಲ್ಲಿ ಆಗುಂಬೆ, ಭಾಗಮಂಡಲದ ಜೊತೆ ಅದೂ ಬರುತ್ತದೆ. ಇಷ್ಟು ಸೆಂಟಿಮೀಟರ್ ಮಳೆ ಅಂತ ಒಂದು ಸಾಲು, ಅಷ್ಟೇ. ಓದಿ ಮುಂದೆ ಹೋಗುತ್ತೇವೆ. ಉತ್ತರ ಕನ್ನಡದ ಜೊಯಿಡಾ ತಾಲ್ಲೂಕಿನ ಆ ಮೂಲೆಯಲ್ಲಿ, ಗೋವಾ ಗಡಿಗೆ ಅಂಟಿಕೊಂಡ ಕಾಡಿನ ನಡುವೆ, ಅಷ್ಟು ದೊಡ್ಡ ರೈಲು ನಿಲ್ದಾಣ ಯಾಕಿದೆ ಅಂತ ಕೇಳುವವರು ಕಡಿಮೆ.

ಹುಬ್ಬಳ್ಳಿ ಕಡೆಯಿಂದ ವಾಸ್ಕೋಗೆ ಹೋಗುವ ರೈಲಿನಲ್ಲಿ ಕೂತವರಿಗೆ ಈ ಪ್ರಶ್ನೆ ತಾನಾಗೇ ಬರುತ್ತದೆ. ಲೋಂಡಾ ದಾಟಿ, ತಿನೈಘಾಟ್ ದಾಟಿ, ರೈಲು ಕ್ಯಾಸಲ್‌ರಾಕ್‌ಗೆ ಬಂದು ನಿಲ್ಲುತ್ತದೆ. ಹತ್ತುವವರು ನಾಲ್ಕು ಜನ, ಇಳಿಯುವವರು ಇನ್ನೂ ಕಡಿಮೆ. ಆದರೂ ರೈಲು ಹೊರಡುವುದಿಲ್ಲ. ಹೊಸಬರು ಕಿಟಕಿಯಿಂದ ಇಣುಕಿ "ಸಿಗ್ನಲ್ ಇಲ್ಲ ಅನ್ಸತ್ತೆ" ಅಂತಾರೆ. ಈ ದಾರಿಯಲ್ಲಿ ಓಡಾಡಿ ಗೊತ್ತಿದ್ದವರು ಸುಮ್ನೆ ಚಹಾ ಕುಡಿಯುತ್ತಾರೆ. ಈ ನಿಲುಗಡೆ ಪ್ರಯಾಣಿಕರಿಗಾಗಿ ಇರುವುದಲ್ಲ, ಮುಂದಿರುವ ಘಟ್ಟಕ್ಕಾಗಿ ಅಂತ ಅವರಿಗೆ ಗೊತ್ತು.

ಈ ಊರಿನ ಕಥೆಯೆಲ್ಲ ಆ ಒಂದು ನಿಲುಗಡೆಯಲ್ಲೇ ಇದೆ. ಸಂತೆಯಿಂದ ಬೆಳೆದ ಊರುಗಳಿವೆ, ದೇವಸ್ಥಾನದಿಂದ ಬೆಳೆದ ಊರುಗಳಿವೆ. ಕ್ಯಾಸಲ್‌ರಾಕ್ ಬೆಳೆದದ್ದು ರೈಲು ಇಲ್ಲಿ ನಿಲ್ಲಲೇಬೇಕಿತ್ತು ಎಂಬ ಕಾರಣಕ್ಕೆ. ಹಾಗೆ ನಿಲ್ಲಲು ಹಿಂದೆ ಮೂರು ಕಾರಣಗಳಿದ್ದವು: ಗಡಿ, ಎಂಜಿನ್ನಿನ ಬಾಯಾರಿಕೆ, ಇಳಿಜಾರು. ಎರಡು ಹೋದವು, ಒಂದು ಉಳಿದಿದೆ.

ಮೊದಲು, ಹಳಿ ಇಲ್ಲಿಗೆ ಬಂದದ್ದು ಹೇಗೆ ಅಂತ ನೋಡೋಣ.

1870ರ ದಶಕದಲ್ಲಿ ಧಾರವಾಡ ಸೀಮೆಯ ಹತ್ತಿಗೆ ಇಂಗ್ಲೆಂಡಿನ ಗಿರಣಿಗಳಲ್ಲಿ ಒಳ್ಳೆ ಬೇಡಿಕೆ ಇತ್ತು. ಹತ್ತಿ ಬೆಳೆಯುವುದು ಬಯಲು ಸೀಮೆಯಲ್ಲಿ, ಹಡಗು ಬರುವುದು ಕರಾವಳಿಗೆ. ನಡುವೆ ಸಹ್ಯಾದ್ರಿ. ಚಕ್ಕಡಿಯಲ್ಲಿ ಅರಳೆ ಹೇರಿಕೊಂಡು ಘಟ್ಟ ಇಳಿಯಬೇಕಿತ್ತು. 1876ರಿಂದ 78ರವರೆಗಿನ ದೊಡ್ಡ ಬರ ಇನ್ನೊಂದು ಪಾಠ ಕಲಿಸಿತು. ಬೇರೆ ಕಡೆ ಕಾಳು ಇದ್ದರೂ ಹಸಿದವರ ಊರಿಗೆ ಅದನ್ನು ತಲುಪಿಸುವ ದಾರಿಯೇ ಇರಲಿಲ್ಲ. ಈ ಭಾಗಕ್ಕೆ ರೈಲು ಬೇಕೇ ಬೇಕು ಎಂಬ ಮಾತು ಆಗ ಗಟ್ಟಿಯಾಯಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಶುರುವಾಯಿತು. ಅದರ ಮುಖ್ಯ ಕಚೇರಿ ಇದ್ದದ್ದು ಧಾರವಾಡದಲ್ಲಿ. ಆ ಕಚೇರಿಗೆಂದು ಕಟ್ಟಿದ ಭವ್ಯ ಕಟ್ಟಡದಲ್ಲೇ ಮುಂದೆ ಕರ್ನಾಟಕ ಕಾಲೇಜು ನಡೆದದ್ದು. ಅಲ್ಲಿ ಓದಿದ ಎಷ್ಟೋ ಜನರಿಗೆ ತಾವು ಪಾಠ ಕೇಳಿದ್ದು ರೈಲ್ವೆ ಕಚೇರಿಯಲ್ಲಿ ಅಂತ ಗೊತ್ತಿರಲಿಕ್ಕಿಲ್ಲ.

ಹಳಿ ಯಾವ ಬಂದರಿಗೆ ಹೋಗಬೇಕು? ಕಾರವಾರ ಕಣ್ಣೆದುರಿಗೇ ಇತ್ತು. ಹುಬ್ಬಳ್ಳಿಯಿಂದ ಕಾರವಾರಕ್ಕೆ ಹಳಿ ಹಾಕುವ ಯೋಚನೆಯೂ ನಡೆದಿತ್ತು. ಕೊನೆಗೆ ಗೆದ್ದದ್ದು ಪೋರ್ಚುಗೀಸರ ಕೈಯಲ್ಲಿದ್ದ ಗೋವಾದ ಮುರಗಾಂವ್ ಬಂದರು. ಹುಬ್ಬಳ್ಳಿ–ಅಂಕೋಲಾ ರೈಲು ಇವತ್ತಿಗೂ ಓಡುತ್ತಿಲ್ಲ. ನೂರೈವತ್ತು ವರ್ಷಗಳ ಹಿಂದೆ ಕೈತಪ್ಪಿದ ಆ ಹಳಿಯ ನೋವು ಉತ್ತರ ಕನ್ನಡದವರಿಗೆ ಚೆನ್ನಾಗಿ ಗೊತ್ತು.

ಮುರಗಾಂವ್ ಗೆಲ್ಲಲು ಕಾರಣ ಒಂದು ಒಪ್ಪಂದ. 1878ರ ಡಿಸೆಂಬರ್‌ನಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ಕೈಕುಲುಕಿದವು. ಬ್ರಿಟಿಷ್ ಇಂಡಿಯಾ ಮತ್ತು ಗೋವಾ ನಡುವೆ ಸುಂಕದ ಗೋಡೆ ಇರಬಾರದು ಎಂಬುದು ಅದರ ಒಂದು ಮುಖ್ಯ ಮಾತು. ಗೋವಾದ ಉಪ್ಪಿನ ಮೇಲಿನ ಹಿಡಿತ ಬ್ರಿಟಿಷರಿಗೆ ಸಿಕ್ಕಿತು. ಬದಲಿಗೆ ಪೋರ್ಚುಗೀಸರಿಗೆ ವರ್ಷಕ್ಕೆ 4 ಲಕ್ಷ ರೂಪಾಯಿ. ಜೊತೆಗೆ ಬಂದರು ಕಟ್ಟುವುದು, ರೈಲು ಹಾಕುವುದು. 1881ರಲ್ಲಿ ಲಂಡನ್ನಿನ ಹಣವಂತರ ಜೊತೆ ಕರಾರು ಆಯಿತು. ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ ಹುಟ್ಟಿದ್ದು ಹೀಗೆ. ಹಣ ಇಂಗ್ಲಿಷರದ್ದು, ನೆಲ ಪೋರ್ಚುಗೀಸರದ್ದು, ಸಾಗಬೇಕಿದ್ದ ಸರಕು ನಮ್ಮ ಬಯಲು ಸೀಮೆಯದ್ದು. ಕಂಪನಿ ಹಾಕಿದ ಬಂಡವಾಳಕ್ಕೆ ಬಡ್ಡಿ ಖಾತ್ರಿ ಕೊಟ್ಟದ್ದು ಪೋರ್ಚುಗಲ್ ಸರ್ಕಾರ. ಅಂದರೆ ರೈಲು ನಷ್ಟದಲ್ಲಿ ಓಡಿದರೂ ಕಂಪನಿಗೆ ದುಡ್ಡು ಬರುತ್ತಿತ್ತು.

1887ರಲ್ಲಿ ಮುರಗಾಂವ್‌ನಿಂದ ಸಾವರ್ಡೆವರೆಗೆ ರೈಲು ಓಡಿತು. 1888ರಲ್ಲಿ ಘಟ್ಟದ ಕೆಲಸ ಮುಗಿದು ಹಳಿ ಕ್ಯಾಸಲ್‌ರಾಕ್ ಮುಟ್ಟಿತು. ಪೂರ್ತಿ ದಾರಿ 82 ಕಿಲೋಮೀಟರ್ ಆಸುಪಾಸು, ಮೀಟರ್ ಗೇಜ್, ಅಂದರೆ ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರ. ಪೋರ್ಚುಗೀಸರ ಹಳಿ ಮುಗಿದು ಸದರ್ನ್ ಮರಾಠಾದವರ ಹಳಿ ಶುರುವಾಗುವ ಜಾಗ ಕ್ಯಾಸಲ್‌ರಾಕ್. ಎರಡು ಕಂಪನಿಗಳು ಕೂಡುವ ಕಡೆ ಕಚೇರಿಗಳು, ಕ್ವಾರ್ಟರ್ಸ್, ಬಂಡಿ ನಿಲ್ಲಿಸುವ ಪಕ್ಕದ ಹಳಿಗಳು (ಸೈಡಿಂಗ್) ಬೇಕಲ್ವಾ? ಕಾಡು ಕಡಿದು ಊರು ಎದ್ದಿತು. ಹತ್ತಿರದ ಬಂಡೆಯೊಂದು ಕೋಟೆಯ ಹಾಗೆ ಕಾಣುತ್ತಿತ್ತು, ಅದಕ್ಕೇ ಈ ಇಂಗ್ಲಿಷ್ ಹೆಸರು ಎನ್ನುತ್ತಾರೆ.

ಇನ್ನು ಗಡಿಯ ವಿಷಯ. ರೈಲು ಬಂದಾಗ ಒಪ್ಪಂದ ಜಾರಿಯಲ್ಲಿತ್ತು, ಹಾಗಾಗಿ ಸುಂಕದ ತಾಪತ್ರಯ ಇರಲಿಲ್ಲ. ಆದರೆ 1880ರ ಜನವರಿಯಲ್ಲಿ ಜಾರಿಗೆ ಬಂದ ಆ ಒಪ್ಪಂದದ ಆಯುಷ್ಯ 12 ವರ್ಷ. 1892ರ ಜನವರಿಯಲ್ಲಿ ಅದು ಮುಗಿಯಿತು, ಮುಂದುವರಿಸಲಿಲ್ಲ. ರೈಲು ಹಾಕಿದ್ದೇ ಗೋಡೆ ಇಲ್ಲದ ವ್ಯಾಪಾರಕ್ಕಾಗಿ. ಘಟ್ಟದ ಹಳಿ ಕೂಡಿ ನಾಲ್ಕೇ ವರ್ಷಕ್ಕೆ ಗೋಡೆ ಮತ್ತೆ ಬಂತು. ಪೋರ್ಚುಗೀಸ್ ರೈಲ್ವೆಗೆ ಇದು ದೊಡ್ಡ ಪೆಟ್ಟು. 1902ರಲ್ಲಿ ಅದನ್ನು ನಡೆಸುವ ಜವಾಬ್ದಾರಿಯನ್ನೇ ಸದರ್ನ್ ಮರಾಠಾ ಕಂಪನಿ ವಹಿಸಿಕೊಂಡಿತು. ಆದರೆ ಅದೇ ಗೋಡೆ ಕ್ಯಾಸಲ್‌ರಾಕ್‌ಗೆ ಕೆಲಸ ತಂದುಕೊಟ್ಟಿತು. ಸುಂಕದ ಕಟ್ಟೆ ಎಂದರೆ ಅಧಿಕಾರಿಗಳು, ಪೊಲೀಸರು, ಹಮಾಲರು, ಗೋದಾಮು. ಎಲ್ಲಕ್ಕಿಂತ ಹೆಚ್ಚಾಗಿ ಕಾಯುವ ಪ್ರಯಾಣಿಕರು. ಕಾಯುವವರಿಗೆ ಹಸಿವಾಗುತ್ತದೆ, ಅವರಿಗೆ ಚಹಾ ಬೇಕು, ಮಲಗಲು ಜಾಗ ಬೇಕು. ಊರು ತುಂಬಿಕೊಳ್ಳುವುದು ಹೀಗೇ.

ಮುಂಬೈಯಲ್ಲಿ ದುಡಿಯುತ್ತಿದ್ದ ಗೋವಾದವರಿಗೆ ಊರಿಗೆ ಹೋಗಲು ಇದ್ದ ರೈಲು ದಾರಿ ಇದೊಂದೇ. ಪುಣೆಯಲ್ಲಿ ಬ್ರಾಡ್ ಗೇಜ್ ಇಳಿದು ಮೀಟರ್ ಗೇಜ್ ಹತ್ತಬೇಕು. ಬೆಳಗಾವಿ, ಲೋಂಡಾ ದಾಟಬೇಕು. ಕ್ಯಾಸಲ್‌ರಾಕ್‌ನಲ್ಲಿ ಈ ಕಡೆಯವರ ತಪಾಸಣೆ, ಘಟ್ಟ ಇಳಿದ ಮೇಲೆ ಕುಳೆಂನಲ್ಲಿ ಪೋರ್ಚುಗೀಸರ ತಪಾಸಣೆ. ಅದೇ ಟ್ರಂಕನ್ನು ಒಂದೇ ದಿನ ಎರಡು ಸಲ ಬಿಚ್ಚಿ ಕಟ್ಟಬೇಕು. ಸ್ವಾತಂತ್ರ್ಯ ಬಂದ ಮೇಲೆ ತಪಾಸಣೆ ಇನ್ನೂ ಬಿಗಿಯಾಯಿತು. ಉತ್ತರ ಕನ್ನಡ ಆಗ ಮುಂಬೈ ಪ್ರಾಂತ್ಯದಲ್ಲಿತ್ತು, ಅಲ್ಲಿ ಪಾನನಿಷೇಧ ಬಂತು. ಆ ಕಡೆ ಗೋವಾದಲ್ಲಿ ವಿದೇಶಿ ಮದ್ಯ ಅಗ್ಗ.

ಈ ಹಳಿಗೆ ಹೋರಾಟದ ನೆನಪೂ ಇದೆ. 1946ರ ಜೂನ್ 18ರಂದು ಮಡಗಾಂವ್‌ನಲ್ಲಿ ಸಭೆ ನಡೆಸಿ ಗೋವಾದ ಹೋರಾಟಕ್ಕೆ ಕಿಡಿ ಹಚ್ಚಿದವರು ರಾಮಮನೋಹರ ಲೋಹಿಯಾ. ಅದೇ ಸೆಪ್ಟೆಂಬರ್ ಕೊನೆಯಲ್ಲಿ ಅವರು ಮತ್ತೆ ಗೋವಾಕ್ಕೆ ಹೊರಟಾಗ ಪೋರ್ಚುಗೀಸರು ಬಂಧಿಸಿದ್ದು ಕುಳೆಂ ನಿಲ್ದಾಣದಲ್ಲಿ. ಕ್ಯಾಸಲ್‌ರಾಕ್‌ನಿಂದ ಘಟ್ಟ ಇಳಿದರೆ ಸಿಗುವುದು ಅದೇ ಕುಳೆಂ. ಮುಂದೆ 1955ರ ಆಗಸ್ಟ್ 15ರಂದು ಗಡಿಯುದ್ದಕ್ಕೂ ಸತ್ಯಾಗ್ರಹಿಗಳು ಗೋವಾದೊಳಗೆ ನಡೆದರು. ಪೋರ್ಚುಗೀಸರು ಗುಂಡು ಹಾರಿಸಿದರು, ಹಲವರು ಸತ್ತರು. ಅದಾದ ಮೇಲೆ ಭಾರತ ಗಡಿ ಮುಚ್ಚಿತು, ಗೋವಾಕ್ಕೆ ರೈಲು ನಿಂತಿತು.

1956ರ ನವೆಂಬರ್ 1ರಂದು ಉತ್ತರ ಕನ್ನಡ ಕನ್ನಡದ ರಾಜ್ಯಕ್ಕೆ ಸೇರಿತು. ನಮ್ಮ ರಾಜ್ಯಕ್ಕೆ ಬಂದಾಗ ಕ್ಯಾಸಲ್‌ರಾಕ್ ಹಳಿಯ ಕೊನೆಯ ಊರು. ಮುಂದಿನ ಸುರಂಗಗಳತ್ತ ರೈಲು ಹೋಗುತ್ತಿರಲಿಲ್ಲ. ಸಂಸಾರಗಳು ಒಂದು ಕಡೆ, ದುಡಿಮೆ ಇನ್ನೊಂದು ಕಡೆ ಎಂಬಂತೆ ಬದುಕಿದ್ದವರಿಗೆ ಆ ವರ್ಷಗಳು ಎಷ್ಟು ಉದ್ದ ಇದ್ದವೋ! 1961ರ ಡಿಸೆಂಬರ್ 19ರಂದು ಗೋವಾ ಬಿಡುಗಡೆಯಾಯಿತು. ದೇಶಕ್ಕೇ ಖುಷಿಯ ದಿನ. ಕ್ಯಾಸಲ್‌ರಾಕ್‌ನ ಸುಂಕದ ಕಟ್ಟೆಗೆ ಆ ದಿನದಿಂದ ಕೆಲಸವಿಲ್ಲ. ಎರಡು ದೇಶಗಳ ನಡುವಿನ ಗಡಿ ಕಾಡಿನೊಳಗೆ ಕರಗಿಹೋಯಿತು.

ಎರಡನೆಯ ಕಾರಣ ಎಂಜಿನ್ನಿನ ಬಾಯಾರಿಕೆ. ಉಗಿ ಎಂಜಿನ್ ಒಂದು ನಡೆಯುವ ಒಲೆ. ಅದಕ್ಕೆ ಕಲ್ಲಿದ್ದಲು ಹಾಕಬೇಕು, ಬೂದಿ ಬಳಿಯಬೇಕು, ನೀರು ಕುಡಿಸುತ್ತಲೇ ಇರಬೇಕು. ಘಟ್ಟ ಹತ್ತಿ ಬಂದ ಎಂಜಿನ್ ನೀರೆಲ್ಲ ಆವಿ ಮಾಡಿಕೊಂಡು ಒಣಗಿ ಬಂದಿರುತ್ತದೆ. ಹತ್ತಿರದಲ್ಲೇ ಶೆಡ್ ಬೇಕು, ರಿಪೇರಿಗೆ ಫಿಟ್ಟರ್ ಬೇಕು, ಫೈರ್‌ಮನ್‌ಗಳಿಗೆ ಮನೆ ಬೇಕು. ಘಟ್ಟದಲ್ಲಿ ಹತ್ತಕ್ಕೂ ಜಾಸ್ತಿ ಸುರಂಗಗಳಿವೆ. ರೈಲನ್ನು ಹಿಂದಿನಿಂದ ತಳ್ಳುವ ಎಂಜಿನ್ನಿನಲ್ಲಿ ನಿಂತವರಿಗೆ ಮುಂದಿನ ಎಂಜಿನ್ನಿನ ಹೊಗೆಯೂ ಸೇರಿ ಮುಖಕ್ಕೆ ಬಡಿಯುತ್ತಿತ್ತು. ಡೀಸೆಲ್ ಬಂದ ಮೇಲೆ ನೀರಿನ ಕಂಬ, ಬೂದಿಗುಂಡಿ, ಅದರ ಸುತ್ತ ಇದ್ದ ಕೆಲಸಗಳೆಲ್ಲ ಹೋದವು. ಒಂದೊಂದು ಕೆಲಸದ ಜೊತೆ ಒಂದೊಂದು ಸಂಸಾರವೂ ಹುಬ್ಬಳ್ಳಿ ಕಡೆಗೋ ಲೋಂಡಾ ಕಡೆಗೋ ಗಂಟು ಕಟ್ಟಿತು.

ಉಳಿದದ್ದು ಇಳಿಜಾರು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಈ ಊರಿನ ನಿಜವಾದ ಆಸ್ತಿ ಇರುವುದು ಇಲ್ಲೇ.

ಕ್ಯಾಸಲ್‌ರಾಕ್‌ನಿಂದ ಕುಳೆಂಗೆ 26 ಕಿಲೋಮೀಟರ್. ಅಷ್ಟರೊಳಗೆ ಹಳಿ 500 ಮೀಟರ್‌ಗೂ ಹೆಚ್ಚು ಕೆಳಗಿಳಿಯುತ್ತದೆ. ಇದಕ್ಕೆ ಬ್ರಗಾಂಝಾ ಘಾಟ್ ಅಂತ ಹೆಸರು. ದೂಧಸಾಗರ ಜಲಪಾತದ ಎದುರೇ ಹಾದುಹೋಗುವ ಆ ಪ್ರಸಿದ್ಧ ಸೇತುವೆ ಇರುವುದು ಈ ದಾರಿಯಲ್ಲೇ. ಇಲ್ಲಿನ ಕಡಿದಾದ ಏರು 37ಕ್ಕೆ 1. ಅಂದರೆ 37 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ. ನಡೆಯುವವರಿಗೆ ಇದು ಲೆಕ್ಕಕ್ಕೇ ಬರದ ದಿಬ್ಬ. ಸೈಕಲ್ಲಿನವರು ಸ್ವಲ್ಪ ಉಸಿರು ಬಿಡುತ್ತಾರೆ, ಅಷ್ಟೆ. ರೈಲಿಗೆ ಮಾತ್ರ ಇದು ಗೋಡೆ.

ಯಾಕೆ? ರೈಲಿನ ಗಾಲಿಯೂ ಉಕ್ಕು, ಹಳಿಯೂ ಉಕ್ಕು. ಎರಡೂ ನುಣುಪು. ಸಮತಟ್ಟಿನಲ್ಲಿ ಇದೇ ದೊಡ್ಡ ವರ, ಒಂದು ಎಂಜಿನ್ ಸಾವಿರಾರು ಟನ್ ಎಳೆದುಬಿಡುತ್ತದೆ. ಏರಿನಲ್ಲಿ ಅದೇ ನುಣುಪು ಶತ್ರು. ಒಂದು ಲೆಕ್ಕ ಹಾಕೋಣ. ಕಲ್ಲಿದ್ದಲು ತುಂಬಿದ ಒಂದು ವ್ಯಾಗನ್ 80 ಟನ್ ಆಸುಪಾಸು ತೂಗುತ್ತದೆ. 37ಕ್ಕೆ 1ರ ಏರಿನಲ್ಲಿ ಅದು ತನ್ನ ತೂಕದ 37ರಲ್ಲಿ ಒಂದು ಪಾಲು ಬಲದಿಂದ ಹಿಂದಕ್ಕೆ ಜಗ್ಗುತ್ತದೆ, ಅಂದರೆ 2 ಟನ್‌ಗೂ ಸ್ವಲ್ಪ ಜಾಸ್ತಿ. ಅಂಥ 50 ವ್ಯಾಗನ್ ಇದ್ದರೆ 108 ಟನ್ ಜಗ್ಗಾಟ. ಒಂದು ದೊಡ್ಡ ಡೀಸೆಲ್ ಎಂಜಿನ್ 120 ಟನ್‌ಗೂ ಹೆಚ್ಚು ತೂಗುತ್ತದೆ. ಅದರ ಗರಿಷ್ಠ ಎಳೆತ 50 ಟನ್ ಆಸುಪಾಸು, ಅದೂ ಹಳಿ ಒಣಗಿದ್ದರೆ ಮಾತ್ರ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳಿ ಒಣಗುವುದು ಅಪರೂಪ. ತಿರುವುಗಳಲ್ಲಿ ಗಾಲಿ ಉಜ್ಜುವುದು ಬೇರೆ, ಎಂಜಿನ್ನುಗಳ ಸ್ವಂತ ಭಾರ ಬೇರೆ. ಹಾಗಾಗಿ ಭಾರದ ಗೂಡ್ಸ್ ರೈಲಿಗೆ ಐದು ಎಂಜಿನ್‌ವರೆಗೆ ಹಚ್ಚುತ್ತಾರೆ. ಗಾಲಿ ಜಾರದಂತೆ ಎಂಜಿನ್ನಿನಿಂದ ಹಳಿಯ ಮೇಲೆ ಮರಳು ಉದುರಿಸುವ ವ್ಯವಸ್ಥೆಯೂ ಇದೆ. ಎಷ್ಟೇ ಹೊಸ ಎಂಜಿನ್ ಬರಲಿ, ಮರಳಿನ ಡಬ್ಬಿ ಬೇಕೇ ಬೇಕು.

ಐದನ್ನೂ ಮುಂದೆಯೇ ಕಟ್ಟಿದರೆ ಆಗುವುದಿಲ್ಲವೇ? ಆಗುವುದಿಲ್ಲ. ಆಗ ಇಡೀ ರೈಲಿನ ಜಗ್ಗಾಟ ಮೊದಲ ವ್ಯಾಗನ್ನಿನ ಕೊಂಡಿಯ ಮೇಲೆ ಬೀಳುತ್ತದೆ. ಕೊಂಡಿ ಕಿತ್ತರೆ ಹಿಂದಿನ ಬಂಡಿಗಳು ಇಳಿಜಾರಿನ ಪಾಲು. ಅದಕ್ಕೇ ಎರಡು ಮುಂದೆ, ಮೂರು ಹಿಂದೆ ಅಂತ ಹಂಚುತ್ತಾರೆ. ಹೇರು ಚಕ್ಕಡಿ ದಿಬ್ಬ ಹತ್ತುವಾಗ ಎತ್ತು ಎಳೆಯುತ್ತವೆ, ಆಳುಗಳು ಹಿಂದಿನಿಂದ ಹೆಗಲು ಕೊಡುತ್ತಾರೆ. ಹಾಗೇ ಇದು. ಹಿಂದಿನಿಂದ ಹೆಗಲು ಕೊಡುವ ಎಂಜಿನ್ನಿಗೆ ರೈಲ್ವೆಯವರು ಬ್ಯಾಂಕರ್ ಅನ್ನುತ್ತಾರೆ. ಕುಳೆಂನಲ್ಲಿ ಅದನ್ನು ಹಚ್ಚುತ್ತಾರೆ, ಮೇಲೆ ಕ್ಯಾಸಲ್‌ರಾಕ್‌ನಲ್ಲಿ ಬಿಚ್ಚುತ್ತಾರೆ.

ಹತ್ತುವುದು ಕಷ್ಟ. ಇಳಿಯುವುದು ಅದಕ್ಕಿಂತ ಅಪಾಯ. ಹತ್ತುವಾಗ ಬಲ ಸಾಲದಿದ್ದರೆ ರೈಲು ನಿಲ್ಲುತ್ತದೆ, ಅಷ್ಟೆ. ಇಳಿಯುವಾಗ ಹಿಡಿತ ಸಾಲದಿದ್ದರೆ ನಿಲ್ಲುವುದೇ ಇಲ್ಲ. ಸುಮ್ನೆ ಬ್ರೇಕ್ ಹಿಡಿದುಕೊಂಡೇ ಇಳಿದರೆ ಗಾಲಿ ಮತ್ತು ಬ್ರೇಕ್ ಕಟ್ಟೆ ಉಜ್ಜಿ ಕೆಂಡದಂತೆ ಕಾಯುತ್ತವೆ. ಕಾದ ಬ್ರೇಕಿಗೆ ಹಿಡಿತ ಕಡಿಮೆ. ಅದಕ್ಕೆ ಈಗಿನ ಡೀಸೆಲ್ ಎಂಜಿನ್ನುಗಳಲ್ಲಿ ಡೈನಾಮಿಕ್ ಬ್ರೇಕ್ ಇದೆ. ಗಾಲಿ ತಿರುಗಿಸುವ ಮೋಟಾರನ್ನೇ ಆಗ ಜನರೇಟರ್ ಮಾಡಿಬಿಡುತ್ತಾರೆ. ಇಳಿಯುವ ರೈಲಿನ ರಭಸ ವಿದ್ಯುತ್ ಆಗುತ್ತದೆ, ಆ ವಿದ್ಯುತ್ ಎಂಜಿನ್ನಿನ ಮೇಲಿರುವ ಗ್ರಿಡ್‌ಗಳಲ್ಲಿ ಶಾಖವಾಗಿ ಗಾಳಿಗೆ ಹೋಗುತ್ತದೆ. ದೂಧಸಾಗರದ ದಾರಿಯಲ್ಲಿ ರೈಲು ಇಳಿಯುವಾಗ ಎಂಜಿನ್ನಿನಿಂದ ಒಂದೇ ಸಮನೆ ಕೂಗಿದಂಥ ಸದ್ದು ಬರುತ್ತದಲ್ಲ, ಅದು ಆ ಶಾಖವನ್ನು ಹೊರಗೆ ತಳ್ಳುವ ಫ್ಯಾನಿನ ಸದ್ದು. ವೇಗ ಗಂಟೆಗೆ 30 ಕಿಲೋಮೀಟರ್ ದಾಟದ ಹಾಗೆ ಹಿಡಿದುಕೊಂಡೇ ಇಳಿಸುತ್ತಾರೆ.

ಇಷ್ಟೆಲ್ಲ ಮಾಡಿಯೂ ಹಿಡಿತ ತಪ್ಪಿದರೆ? ಅದಕ್ಕೆ ಕೊನೆಯ ಕಾವಲು ಕ್ಯಾಚ್ ಸೈಡಿಂಗ್. ಘಟ್ಟದ ನಡುವಿನ ನಿಲ್ದಾಣಗಳಲ್ಲಿ ಮುಖ್ಯ ಹಳಿಯಿಂದ ಕವಲೊಡೆದು ಗುಡ್ಡದ ಮೇಲಕ್ಕೆ ಹತ್ತುವ ಒಂದು ತುಂಡು ಹಳಿ ಇರುತ್ತದೆ. ಕೈತಪ್ಪಿದ ರೈಲು ಅದರೊಳಗೆ ನುಗ್ಗಿ, ಏರು ಹತ್ತಿ, ತಾನಾಗೇ ಸುಸ್ತಾಗಿ ನಿಲ್ಲಬೇಕು. ಯಾರೂ ಬಳಸಬಾರದು ಎಂದೇ ಕಟ್ಟಿದ ಹಳಿ ಅದು.

ಕ್ಯಾಸಲ್‌ರಾಕ್‌ನಲ್ಲಿ ಇಳಿದು ಈ ಕೆಲಸವನ್ನು ಹತ್ತಿರದಿಂದ ನೋಡಿದ್ದೇನೆ. ಮಳೆ ನಿಂತು ಮಂಜು ಇಳಿದಿದ್ದ ಬೆಳಗು. ಹತ್ತಿ ಬಂದ ರೈಲಿನ ಬಾಲದಲ್ಲಿದ್ದ ಬ್ಯಾಂಕರ್ ಬಿಚ್ಚುತ್ತಿದ್ದರು. ಕಿತ್ತಳೆ ಬಣ್ಣದ ಜಾಕೆಟ್ ಹಾಕಿದ ಒಬ್ಬರು ಬೋಗಿ ಮತ್ತು ಎಂಜಿನ್ನಿನ ನಡುವೆ ತಗ್ಗಿ ಒಳಗೆ ಹೋದರು. ಮೊದಲು ಬ್ರೇಕಿನ ಗಾಳಿ ಹರಿಯುವ ಪೈಪಿನ ಕಾಕ್ ತಿರುಗಿಸಿ ಮುಚ್ಚಿದರು. ಆಮೇಲೆ ಹೋಸ್ ಬಿಚ್ಚಿದರು, ಉಸ್ಸ್ ಅಂತ ಗಾಳಿ ಹೋಯಿತು. ಕೊನೆಗೆ ಕೊಂಡಿ. ಕೈ ಎತ್ತಿ ಸನ್ನೆ ಮಾಡಿದ ಮೇಲೆ ಎಂಜಿನ್ ಒಂದು ಗೇಣು ಹಿಂದೆ ಸರಿಯಿತು, ಆಮೇಲೆ ಒಂದು ಮಾರು, ಆಮೇಲೆ ಮಂಜಿನೊಳಗೆ. ಕಾಕ್ ಮೊದಲು, ಹೋಸ್ ಆಮೇಲೆ ಎಂಬ ಕ್ರಮಕ್ಕೆ ಅರ್ಥವಿದೆ. ಆ ಪೈಪಿನಲ್ಲಿ ಗಾಳಿಯ ಒತ್ತಡ ಇರುವವರೆಗೆ ಬ್ರೇಕ್ ಬಿಟ್ಟಿರುತ್ತದೆ, ಒತ್ತಡ ಇಳಿದರೆ ಬ್ರೇಕ್ ತಾನಾಗೇ ಹಿಡಿಯುತ್ತದೆ. ನಮಗೆಲ್ಲ ಬ್ರೇಕ್ ಅಂದರೆ ಒತ್ತಿದಾಗ ಹಿಡಿಯುವುದು. ರೈಲಿನಲ್ಲಿ ಉಲ್ಟಾ. ಪೈಪ್ ಹರಿದರೂ, ಕೊಂಡಿ ಕಿತ್ತರೂ ರೈಲು ನಿಲ್ಲಬೇಕು ಎಂಬುದೇ ಆ ಉಪಾಯ. ಕೆಳಗೆ ಇಳಿಯುವ ರೈಲಿಗೆ ಈ ಬ್ರೇಕನ್ನು ಇಲ್ಲೇ ಪರೀಕ್ಷೆ ಮಾಡಿ, ಸರಿ ಅನ್ನಿಸಿದ ಮೇಲೆಯೇ ಘಟ್ಟಕ್ಕೆ ಬಿಡುತ್ತಾರೆ. ಕಿಟಕಿಯಿಂದ ಇಣುಕುವವರು ಗೊಣಗುವ ಆ ನಿಲುಗಡೆಯ ಗುಟ್ಟು ಇದು.

ಇನ್ನೊಂದು ಬದಲಾವಣೆ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಈ ಹಳಿ ಹಾಕುವಾಗ ಭಾರವೆಲ್ಲ ಕೆಳಗಿಳಿಯುತ್ತದೆ ಎಂಬ ಲೆಕ್ಕವಿತ್ತು. ಹತ್ತಿ, ಆಮೇಲೆ ಬಳ್ಳಾರಿ–ಹೊಸಪೇಟೆಯ ಕಬ್ಬಿಣದ ಅದಿರು, ಎಲ್ಲ ಬಂದರಿನ ಕಡೆಗೇ. ಘಟ್ಟ ಹತ್ತುವುದು ಹೆಚ್ಚಾಗಿ ಹಗುರ ಬಂಡಿಗಳು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಅದಿರಿನ ರಫ್ತು ಸೊರಗಿತು. ಅತ್ತ ಮುರಗಾಂವ್‌ಗೆ ಹಡಗಿನಲ್ಲಿ ಬರುವ ಕಲ್ಲಿದ್ದಲು ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಗಳಿಗೆ ಬೇಕು. ಈಗ ಭಾರ ಮೇಲಕ್ಕೆ ಹತ್ತುತ್ತಿದೆ. ಹತ್ತಿ ಇಳಿಸಲು ಕಟ್ಟಿದ ದಾರಿಯಲ್ಲಿ ಕಲ್ಲಿದ್ದಲು ಹತ್ತಿಸುತ್ತಿದ್ದೇವೆ. ಬ್ಯಾಂಕರ್‌ಗಳಿಗೆ ಬಿಡುವಿಲ್ಲದಿರುವುದು ಇದಕ್ಕೇ.

1990ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು. ಹಳಿಯ ಅಗಲ 1000 ಮಿಲಿಮೀಟರ್‌ನಿಂದ 1676ಕ್ಕೆ ಹೋಯಿತು. ಸುರಂಗಗಳನ್ನು ಅಗಲ ಮಾಡಬೇಕಾಯಿತು. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿ ತೆರೆದಾಗ ಮುಂಬೈ–ಗೋವಾ ಪ್ರಯಾಣಿಕರು ಕರಾವಳಿಯ ದಾರಿ ಹಿಡಿದರು. ಟ್ರಂಕ್ ಬಿಚ್ಚಿ ಕಟ್ಟುತ್ತಿದ್ದವರ ಮೊಮ್ಮಕ್ಕಳಿಗೆ ಕ್ಯಾಸಲ್‌ರಾಕ್ ಹೆಸರೇ ಗೊತ್ತಿಲ್ಲದೆ ಹೋಗಿರಬಹುದು.

ಜೋಡಿ ಹಳಿ ಹಾಕುವ ಯೋಜನೆ ಬಂದಾಗ ಮಾತ್ರ ಈ ಘಟ್ಟ ಮತ್ತೆ ಸುದ್ದಿಯಾಯಿತು. ಈ ಕಡೆ ಕಾಳಿ ಹುಲಿ ಮೀಸಲು ಪ್ರದೇಶ, ಆ ಕಡೆ ಭಗವಾನ್ ಮಹಾವೀರ ಅಭಯಾರಣ್ಯ. ಎರಡನೇ ಹಳಿಗೆ ಇನ್ನಷ್ಟು ಕಾಡು ಕಡಿಯಬೇಕು, ಅದು ಮುಖ್ಯವಾಗಿ ಕಲ್ಲಿದ್ದಲಿಗಾಗಿ ಅಂತ ಗೋವಾದ ಜನ 2020ರಲ್ಲಿ ಬೀದಿಗಿಳಿದರು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತಿನೈಘಾಟ್–ಕ್ಯಾಸಲ್‌ರಾಕ್–ಕುಳೆಂ ಜೋಡಿ ಹಳಿಗೆ ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು ರದ್ದು ಮಾಡಿತು. ನನಗೆ ಆ ತೀರ್ಪು ಸರಿ ಅನ್ನಿಸಿತು. ರೈಲನ್ನು ಪ್ರೀತಿಸುವವರೇ ಇಂಥ ಮಾತು ಹೇಳಬೇಕಾಗುತ್ತದೆ. ಈ ಘಟ್ಟದಲ್ಲಿ ಒಂದು ಹಳಿ ಕಾಯುವುದೇ ದೊಡ್ಡ ಕೆಲಸ. ಮಳೆಗಾಲದಲ್ಲಿ ಮಣ್ಣು ಕುಸಿದು ರೈಲು ನಿಲ್ಲುವುದು ಇಲ್ಲಿ ಹೊಸದಲ್ಲ. ಟ್ರ್ಯಾಕ್‌ಮನ್‌ಗಳು ರೇನ್‌ಕೋಟ್ ಹಾಕಿ, ಟಾರ್ಚ್ ಹಿಡಿದು ಸುರಂಗದಿಂದ ಸುರಂಗಕ್ಕೆ ನಡೆಯುತ್ತಾರೆ. ಬೆಳಿಗ್ಗೆ ಕೀಮನ್ ಹೆಗಲ ಮೇಲೆ ಸುತ್ತಿಗೆ, ಸ್ಪ್ಯಾನರ್ ಇಟ್ಟುಕೊಂಡು ಹೊರಡುತ್ತಾರೆ. ಸಡಿಲಾದ ಕೀಲಿಗಳನ್ನು ಹೊಡೆದು ಕೂರಿಸುತ್ತ ಹೋಗುತ್ತಾರೆ.

ಹಳೆಯ ರೈಲಿನ ವಸ್ತುಗಳನ್ನು ಕಣ್ಣಾರೆ ನೋಡಬೇಕು ಅನ್ನುವವರಿಗೆ ಹುಬ್ಬಳ್ಳಿಯಲ್ಲಿ 2020ರಿಂದ ರೈಲ್ವೆ ಮ್ಯೂಸಿಯಂ ಇದೆ. ಮಕ್ಕಳನ್ನು ಕರೆದುಕೊಂಡು ಹೋಗಲು ಒಳ್ಳೆಯ ಜಾಗ. ಆದರೆ ಕ್ಯಾಸಲ್‌ರಾಕ್‌ನ ಪರಂಪರೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಲಾಗದು. ಅದು ದಿನಾ ನಡೆಯುವ ಕೆಲಸ. 1888ರಲ್ಲಿ ಇಳಿಜಾರು ಕೇಳಿದ್ದ ಎಚ್ಚರವನ್ನೇ ಈಗಲೂ ಕೇಳುತ್ತದೆ. ಎಂಜಿನ್ ಬದಲಾಗಿದೆ, ಗೇಜ್ ಬದಲಾಗಿದೆ, ಕೆಳಗಿನ ನೆಲದ ಸರ್ಕಾರ ಬದಲಾಗಿದೆ. ಬೋಗಿಗಳ ನಡುವೆ ತಗ್ಗಿ ನಿಂತು ಕೈಯಿಂದ ಕಾಕ್ ತಿರುಗಿಸುವವರು ಮಾತ್ರ ಈಗಲೂ ಬೇಕು.

ಹೋಗುವವರಿಗೆ ಒಂದು ಮಾತು. ಹಳಿಗುಂಟ ದೂಧಸಾಗರಕ್ಕೆ ನಡೆದು ಹೋಗುವುದನ್ನು ರೈಲ್ವೆ ನಿಷೇಧಿಸಿದೆ. ಸುರಂಗದೊಳಗೆ ರೈಲು ಬಂದರೆ ಸರಿಯಲು ಜಾಗ ಸಾಲದು. ರೈಲಿನಲ್ಲೇ ಕೂತು ಹೋಗಿ. ಕ್ಯಾಸಲ್‌ರಾಕ್‌ನಲ್ಲಿ ರೈಲು ನಿಂತಾಗ ಮೊಬೈಲ್ ಕೆಳಗಿಟ್ಟು ಸ್ವಲ್ಪ ಕಿವಿಗೊಡಿ. ಮೊದಲು ಉಸ್ಸ್ ಅಂತ ಗಾಳಿ ಬಿಡುವ ಸದ್ದು. ಆಮೇಲೆ ಗಾರ್ಡ್ ಮತ್ತು ಲೋಕೋ ಪೈಲಟ್ ವಾಕಿಟಾಕಿಯಲ್ಲಿ ಒತ್ತಡದ ಲೆಕ್ಕ ಮಾತಾಡಿಕೊಳ್ಳುವುದು. ಒಂದು ಉದ್ದ ಸೀಟಿ. ರೈಲು ಅಲುಗಿದ್ದೇ ಗೊತ್ತಾಗದ ಹಾಗೆ ಮೊದಲ ಸುರಂಗದ ಕಡೆ ಜಾರತೊಡಗುತ್ತದೆ.